ಮಳೆ ಪುಸ್ತಕದಲ್ಲಿ ಬಾವಿಗೊಂದು ಕಾಲಂ

ನಮ್ಮ ಬಾವಿ ಕೆಟ್ಟ ಸುದ್ದಿ ತಂದದ್ದು ಚಾ.

ಜನವರಿ ಕೊನೆಯ ವಾರ. ಅರೇಬಿಕಾ ಕಾಫಿಯ ಕೊಯ್ಲು ಮುಗಿದಿತ್ತು, ರೋಬಸ್ಟಾ ಕಾಫಿಯದ್ದು ನಡೆಯುತ್ತಿತ್ತು. ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಅಕ್ಕ ಬೆಳಿಗ್ಗೆ ಒಂದು ಲೋಟ ಹಿಡಿದುಕೊಂಡು ಕಣದ ಹತ್ತಿರ ಬಂದರು. "ಸಾವುಕಾರ್ರೆ, ಇದನ್ನು ನೋಡಿ. ಚಾಪುಡಿ ಹೊಸದು, ಪಾತ್ರೆ ನಾನೇ ತಿಕ್ಕಿದ್ದು. ಆದರೂ ಶಾಯಿ ಹಾಗೆ ಆಗ್ತದೆ" ಅಂದರು. ಲೋಟದಲ್ಲಿ ಇದ್ದದ್ದು ಶಾಯಿಯ ಬಣ್ಣವೇ. ಹಾಲು ಹಾಕಿದರೆ ಬೂದಿಯಾಗುತ್ತಿತ್ತು.

"ಪಾತ್ರೆ ಕಿಲುಬು ಬಿಟ್ಟಿರಬೇಕು" ಅಂದು ಕಳಿಸಿಬಿಟ್ಟೆ. ಕೊಯ್ಲಿನ ಗಡಿಬಿಡಿಯಲ್ಲಿ ಚಾ ಬಣ್ಣ ನೋಡುತ್ತಾ ಕೂರುವವರು ಯಾರು? ವಾರ ಕಳೆಯುವುದರೊಳಗೆ ನಮ್ಮ ಮನೆಯ ಬಿಳಿ ಪಂಚೆಯಲ್ಲೂ ಕೆಂಪು ಕಲೆ ಬಂತು. ರಾತ್ರಿ ಕೊಡದಲ್ಲಿಟ್ಟ ನೀರಿನ ತಳದಲ್ಲಿ ಬೆಳಿಗ್ಗೆ ಕೆಂಪು ಗಸಿ ಕೂತಿತ್ತು. ಬಾವಿಗೆ ಬಗ್ಗಿದರೆ ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ಅಕ್ಕನ ಮುಖ ನೋಡುವುದು ಕಷ್ಟವಾಯಿತು.

ಇದು ನಮ್ಮದೇ ತೋಟದಲ್ಲಿ ಮೂರು ವರ್ಷ ನಡೆದದ್ದು. ಯಾರ ಹೆಸರೂ ಹಾಕಿಲ್ಲ. ಊರಲ್ಲಿ ಎಲ್ಲರೂ ಮುಖ ನೋಡಿಕೊಂಡೇ ಬದುಕಬೇಕಲ್ವಾ?

ಜಾಗ ಹೇಗಿದೆ

ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ಕಡೆ, ಗುಡ್ಡದ ಒಂದು ಮಗ್ಗುಲು ನಮ್ಮ ತೋಟ. ಮೇಲೆ ಅರೇಬಿಕಾ, ಕೆಳಗೆ ರೋಬಸ್ಟಾ, ಮರಗಳಿಗೆ ಕಾಳುಮೆಣಸಿನ ಬಳ್ಳಿ. ಅದರ ಬುಡದಲ್ಲಿ ಗದ್ದೆ, ಗದ್ದೆಯಂಚಿಗೆ ಒಂದು ತೋಡು. ಆ ತೋಡಿನ ನೀರು ಸುತ್ತಿ ಬಳಸಿ ಹಾರಂಗಿಗೆ ಸೇರುತ್ತದೆ, ಹಾರಂಗಿ ಕಾವೇರಿಗೆ. ಬಾವಿ ಇರುವುದು ತೋಟ ಮುಗಿದು ಗದ್ದೆ ಶುರುವಾಗುವ ಜಾಗದಲ್ಲಿ. ಹಿಂದಿನವರು ಜಲ ಸುಲಭವಾಗಿ ಸಿಗುವ ಕಡೆ ತೋಡಿದ್ದಾರೆ. ಅವರ ಲೆಕ್ಕ ಸರಿಯೇ. ಆದರೆ ನೀರು ಇಳಿದು ಬರುವ ಜಾಗಕ್ಕೆ ಮೇಲಿನ ಎಲ್ಲರ ಕೊಳೆಯೂ ಇಳಿದು ಬರುತ್ತದೆ. ಅವರ ಕಾಲದಲ್ಲಿ ಮೇಲೆ ಅಂಥ ಕೊಳೆ ಇರಲಿಲ್ಲ, ಅಷ್ಟೇ.

ಬಾವಿಯಿಂದ ಏರುಮುಖವಾಗಿ ಹೋದರೆ ಮೊದಲು ಸಿಗುವುದು ಲೈನ್ ಮನೆ. ನಾಲ್ಕು ಸಂಸಾರ. ಅದರ ಬದಿಗೆ ನಮ್ಮ ಹಂದಿ ಗೂಡು. ಇನ್ನೂ ಮೇಲೆ ನಮ್ಮ ಮನೆ, ಕಣ. ಕಣದ ಮೂಲೆಯಲ್ಲಿ ನೀರು ಬಾರದ ಒಂದು ಬೋರ್‌ವೆಲ್. ಎಡಕ್ಕೆ ಬೇಲಿ. ಬೇಲಿಯಾಚೆ ಪಕ್ಕದ ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮನೆ ಮತ್ತು ಅದರ ನೀರು ಬಿಡುವ ಗುಂಡಿ.

ನೆಲದೊಳಗಿನ ಸಂಗತಿ ಸ್ವಲ್ಪ ಹೇಳಬೇಕು. ಕೊಡಗಿನ ಗುಡ್ಡದಲ್ಲಿ ಮೇಲೆ ಕಬ್ಬಿಣ ತುಂಬಿದ ಕೆಂಪು ಮಣ್ಣು, ಅಲ್ಲಲ್ಲಿ ಜಂಬಿಟ್ಟಿಗೆ. ಅದರ ಕೆಳಗೆ ಮೆತ್ತಗಿನ, ಜಾರುವ ಜೇಡಿ. ಕರಾವಳಿಯವರು ಇದಕ್ಕೆ ಶೇಡಿ ಮಣ್ಣು ಅನ್ನುತ್ತಾರೆ. ಅದರಡಿಗೆ ಕರಿಬಂಡೆ. ತೆರೆದ ಬಾವಿಗೆ ನೀರು ಬರುವುದು ಬಂಡೆಯ ಮೇಲಿನ ಈ ಮೆತ್ತಗಿನ ಪದರದಿಂದ. ಬೋರ್‌ವೆಲ್‌ಗೆ ಬರುವುದು ಬಂಡೆಯ ಬಿರುಕಿನಿಂದ. ಎರಡೂ ಬೇರೆ ಬೇರೆ ನೀರು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗೇನೂ ಇಲ್ಲ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಮಳೆ ಪುಸ್ತಕ

ಕೊಡಗಿನ ತೋಟದವರಿಗೆ ಒಂದು ಅಭ್ಯಾಸ ಉಂಟು. ಬೆಳಿಗ್ಗೆ ಎದ್ದು ಮಳೆ ಅಳೆಯುವುದು. ಅದೂ ಮಿಲಿಮೀಟರಿನಲ್ಲಿ ಅಲ್ಲ, ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಇಬ್ಬರು ಬೆಳೆಗಾರರು ಸಂತೆಯಲ್ಲಿ ಸಿಕ್ಕರೆ ಆರೋಗ್ಯ ಕೇಳುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಮಳೆ ಪುಸ್ತಕಗಳಿವೆ. 2018ರ ಆಗಸ್ಟ್ ಪುಟಗಳನ್ನು ತೆರೆದರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ. ನಮ್ಮ ಈ ಸುತ್ತಲಿನ ಗುಡ್ಡಗಳೇ ಅಲ್ಲವೇ ಆಗ ಕುಸಿದದ್ದು.

ಇಷ್ಟು ಪುಸ್ತಕಗಳಲ್ಲಿ ಬಾವಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಕಾಶದಿಂದ ಬಿದ್ದ ಪ್ರತಿ ಸೆಂಟಿಗೂ ಲೆಕ್ಕ ಇತ್ತು, ಕುಡಿಯುವ ನೀರಿಗೆ ಇರಲಿಲ್ಲ. ಆ ಫೆಬ್ರವರಿಯಲ್ಲಿ ಮಳೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಬಾವಿಯ ನೀರು ಎಷ್ಟು ಅಡಿ, ಬಣ್ಣ ಏನು, ವಾಸನೆ ಏನು, ಅಂದು ತೋಟದಲ್ಲಿ ಯಾವ ಕೆಲಸ ನಡೆಯಿತು, ಇಷ್ಟು ಬರೆಯತೊಡಗಿದೆ. ಇಡೀ ಪ್ರಕರಣ ಬಿಡಿಸಿಕೊಂಡದ್ದು ಈ ಒಂದು ಕಾಲಂನಿಂದ.

ಮೊದಲ ಅನುಮಾನ, ಮೊದಲ ಜಗಳ

ಕೆಂಪು ನೀರು ಕಂಡ ಕೂಡಲೇ ಎಲ್ಲರ ಬೆರಳು ಬೇಲಿಯಾಚೆಗೆ ಹೋಯಿತು. ನನ್ನದೂ. ಪಲ್ಪಿಂಗ್ ನಡೆಯುವ ಕಾಲ, ಗುಂಡಿಯಿಂದ ಹುಳಿ ನಾತ, ತೋಡಿನ ನೀರು ಕಪ್ಪು. ಆ ತಿಂಗಳು ತೋಡಿನಲ್ಲಿ ಒಂದು ಏಡಿಯೂ ಸಿಗಲಿಲ್ಲ ಅಂತ ಲೈನಿನ ಮಕ್ಕಳು ಬೇರೆ ಹೇಳಿದರು.

ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜಕ್ಕೆ ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ಹುಳಿ ಬರಿಸಿ, ತೊಳೆದು, ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ. ಚೆರ್ರಿಗೆ ನೀರು ಬೇಡ. ಪಾರ್ಚ್‌ಮೆಂಟಿಗೆ ಬೇಕು, ಹಳೆಯ ಪಲ್ಪರ್ ಆದರೆ ತುಂಬಾ ಬೇಕು. ತೊಳೆದ ಆ ನೀರಿನಲ್ಲಿ ವಿಷ ಅನ್ನುವಂಥದ್ದು ಏನೂ ಇಲ್ಲ. ಇರುವುದು ಸಕ್ಕರೆ, ಲೋಳೆ, ಸಿಪ್ಪೆಯ ಚೂರು. ತೊಂದರೆ ಅದೇ. ಸೂಕ್ಷ್ಮಜೀವಿಗಳಿಗೆ ಅದು ಹಬ್ಬದೂಟ. ಊಟ ಜಾಸ್ತಿಯಾದಷ್ಟೂ ಅವು ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಎಷ್ಟು ಹೀರುತ್ತವೆ ಅನ್ನುವುದನ್ನು ಬಿಒಡಿ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಹೊಳೆಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ದಾಟಬಾರದು, ನೆಲಕ್ಕೆ ಬಿಡುವುದಾದರೆ 100. ಪಲ್ಪರ್ ನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಜೊತೆಗೆ ಹುಳಿ. ಹುಳಿ ಅಳೆಯುವ ಪಿಎಚ್ 4ರ ಆಸುಪಾಸು, ಅದು ಇಳಿದಷ್ಟೂ ಹುಳಿ ಜಾಸ್ತಿ.

ಬೇಲಿಯಾಚೆಯ ಮಾವ ಸುಮ್ನೆ ಒಪ್ಪುವವರಲ್ಲ. "ನಮ್ಮ ಪಲ್ಪರ್ ನಿನ್ನೆ ಮೊನ್ನೆಯದ್ದಾ? ಮೂವತ್ತು ವರ್ಷದಿಂದ ಉಂಟು. ಅಷ್ಟು ವರ್ಷ ಕೆಡದ ಬಾವಿ ಈ ವರ್ಷ ಯಾಕೆ ಕೆಟ್ಟಿತು?" ಅಂದರು. ಕೋಪದಲ್ಲಿ ಕೇಳಿದ್ದರೂ ಇಡೀ ಪ್ರಕರಣದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಲಿಲ್ಲ.

ಉತ್ತರ ಸಿಕ್ಕಿದ್ದು ಅವರ ರೈಟರ್‌ನಿಂದ. ಹೊರಗಿನವರಿಗೆ ಹೇಳುವುದಾದರೆ, ರೈಟರ್ ಅಂದರೆ ಇಲ್ಲಿ ಕಥೆ ಬರೆಯುವವರಲ್ಲ, ತೋಟದ ಲೆಕ್ಕ ಬರೆಯುವವರು. ಮೊದಲು ಅವರು ಅರೇಬಿಕಾ ಮಾತ್ರ ಪಲ್ಪ್ ಮಾಡುತ್ತಿದ್ದರು, ರೋಬಸ್ಟಾವನ್ನು ಚೆರ್ರಿಯಾಗಿ ಒಣಗಿಸುತ್ತಿದ್ದರು. ಆ ವರ್ಷ ರೋಬಸ್ಟಾವನ್ನೂ ಪಲ್ಪ್ ಮಾಡತೊಡಗಿದ್ದರು. ಒಂದೂವರೆ ತಿಂಗಳ ಕೆಲಸ ಮೂರು ತಿಂಗಳಾಯಿತು. ಹಳೆಯ ಗುಂಡಿ ಸಾಲಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಹೊಸದು ತೋಡಿಸಿದ್ದರು. ಹಳೆಯದಕ್ಕಿಂತ ಎರಡು ಪಟ್ಟು ಆಳ. ಹಳೆಯ ಗುಂಡಿ ಮೇಲ್ಮಣ್ಣಿನಲ್ಲಿತ್ತು. ವರ್ಷಗಟ್ಟಲೆ ಕೂತ ಲೋಳೆಯೇ ಅದರ ತಳಕ್ಕೆ ಒಂದು ಲೇಪದ ಹಾಗೆ ಆಗಿತ್ತು. ಹೊಸ ಗುಂಡಿಗೆ ಆ ಲೇಪವೂ ಇಲ್ಲ. ಅದು ಅಷ್ಟು ಕೆಳಗೆ ಇಳಿದಿತ್ತು ಅಂದರೆ ಬಾವಿಯ ನೀರಿನ ಮಟ್ಟಕ್ಕೂ ಅದರ ತಳಕ್ಕೂ ನಡುವೆ ಉಳಿದ ಒಣ ಮಣ್ಣು ತೀರಾ ಕಡಿಮೆ.

ಮಾವ ಗುಂಡಿ ಆಳ ಮಾಡಿಸಿದ್ದು ಒಳ್ಳೆಯ ಮನಸ್ಸಿನಿಂದಲೇ. ತೋಡಿಗೆ ತುಂಬಿ ಹರಿಯಬಾರದು ಅಂತ. ಹೊಳೆ ಉಳಿಸಲು ಹೋಗಿ ಬಾವಿಗೆ ಬಿಟ್ಟ ಹಾಗಾಯಿತು.

ಕೆಂಪು ಎಲ್ಲಿಂದ ಬಂತು

ಪಲ್ಪರ್ ನೀರಿನ ಬಣ್ಣ ಕಂದು, ಕಪ್ಪು. ನಮ್ಮ ಬಾವಿಯಲ್ಲಿ ಬಂದದ್ದು ಕೆಂಪು. ಅದೂ ಸೇದಿದಾಗ ತಿಳಿ, ಸಂಜೆಗೆ ಕೆಂಪು. ಇದು ನನ್ನನ್ನು ತುಂಬಾ ದಿನ ಕಾಡಿತು.

ವಿಷಯ ಹೀಗೆ. ನಮ್ಮ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೆ ಗಾಳಿಯಾಡುವ ಮಣ್ಣಿನಲ್ಲಿ ಅದು ತುಕ್ಕಿನ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ನೀರಿಗೆ ಕರಗುವುದಿಲ್ಲ. ಸಕ್ಕರೆ ತುಂಬಿದ ನೀರು ಇಳಿದಾಗ ಜೀವಿಗಳು ಮೊದಲು ಆಮ್ಲಜನಕ ಮುಗಿಸುತ್ತವೆ. ಆಮೇಲೆ ನೈಟ್ರೇಟಿಗೆ (ಗೊಬ್ಬರ, ಕೊಳೆಯಿಂದ ಬರುವ ಸಾರಜನಕದ ಒಂದು ರೂಪ) ಕೈ ಹಾಕುತ್ತವೆ. ಅದೂ ಮುಗಿದ ಮೇಲೆ ಮ್ಯಾಂಗನೀಸ್, ಕಬ್ಬಿಣ. ಆಗ ತುಕ್ಕು ಕರಗುವ ರೂಪಕ್ಕೆ ಬಂದು ನೀರಿನ ಜೊತೆ ಹೊರಡುತ್ತದೆ, ಬಣ್ಣವಿಲ್ಲದೆ. ಕೊಡದಲ್ಲಿ ಗಾಳಿ ತಾಗಿದ ಮೇಲೆ ಮತ್ತೆ ತುಕ್ಕಾಗಿ ತಳಕ್ಕೆ ಕೂರುತ್ತದೆ. ಕೊನೆಗೆ ಅವು ಗಂಧಕಕ್ಕೂ ಬಾಯಿ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ. ಅಂದರೆ ಬಾವಿಗೆ ಬಂದ ಕೆಂಪು ಪಲ್ಪರಿನದ್ದಲ್ಲ, ನಮ್ಮದೇ ಗುಡ್ಡದ್ದು. ಅದನ್ನು ಎಬ್ಬಿಸಿ ಕಳಿಸಿದ್ದು ಪಲ್ಪರ್.

ಚಾ ಕಪ್ಪಾದದ್ದೂ ಇದಕ್ಕೇ. ಚಾದ ಒಗರಿಗೆ ಕಬ್ಬಿಣ ಸೇರಿದರೆ ಶಾಯಿ. ಹಿಂದೆ ಶಾಯಿ ಮಾಡುತ್ತಿದ್ದದ್ದೇ ಹಾಗೆ. ಸೀಬೆ ಎಲೆ ಜಜ್ಜಿ ನೀರಿಗೆ ಹಾಕಿದರೂ ಅದೇ ಆಗುತ್ತದೆ. ಕಬ್ಬಿಣ ಇದ್ದರೆ ನೀರು ಕಪ್ಪಗೆ ತಿರುಗುತ್ತದೆ. ಅಕ್ಕ ತಂದ ಲೋಟ ಒಂದು ಪರೀಕ್ಷೆಯ ವರದಿಯೇ ಆಗಿತ್ತು. ಓದಲು ನನಗೆ ಬರಲಿಲ್ಲ.

ಫೆಬ್ರವರಿಯಲ್ಲಿ ಬಾಟಲಿ ತುಂಬಿಸಿ ಲ್ಯಾಬಿಗೆ ಕೊಟ್ಟೆವು. ಪಿಎಚ್ 5.7 ಬಂತು, ಕುಡಿಯುವ ನೀರಿಗೆ 6.5ರಿಂದ 8.5ರೊಳಗೆ ಇರಬೇಕು. ಕಬ್ಬಿಣ ಲೀಟರಿಗೆ 1 ಮಿಲಿಗ್ರಾಂ ಮಿತಿ, ನಮ್ಮದು ಅದರ ಮೂರು ಪಟ್ಟಿಗೂ ಮೇಲೆ. ನೈಟ್ರೇಟ್ ಮಿತಿ 45, ನಮ್ಮಲ್ಲಿ ಒಂದಂಕಿ. ಮಲದ ರೋಗಾಣು ಇಲ್ಲ. "ಕಬ್ಬಿಣ ಬಿಟ್ಟರೆ ನೀರು ಒಳ್ಳೆಯದೇ" ಅಂತ ಎಲ್ಲರೂ ಅಂದುಕೊಂಡೆವು. ಈ ವರದಿಯೇ ನಮ್ಮನ್ನು ನಾಲ್ಕು ತಿಂಗಳು ದಾರಿ ತಪ್ಪಿಸಿತು.

ನಡುವೆ ಒಂದು ಎಡವಟ್ಟೂ ಆಯಿತು. ಯಾರೋ ಹೇಳಿದರು ಅಂತ ಒಂದು ಪ್ಯಾಕೆಟ್ ಬ್ಲೀಚಿಂಗ್ ಪೌಡರ್ ಬಾವಿಗೆ ಸುರಿದೆ. ಅರ್ಧ ಗಂಟೆಯಲ್ಲಿ ಇಡೀ ಬಾವಿ ರಕ್ತದ ಬಣ್ಣ. ಲೈನಿನಲ್ಲಿ ಕೂಗಾಟ. ಕ್ಲೋರಿನ್ ಕಬ್ಬಿಣಕ್ಕೆ ತಾಗಿದರೆ ಅದನ್ನು ಒಂದೇ ಸಲಕ್ಕೆ ತುಕ್ಕು ಮಾಡುತ್ತದೆ, ತಾನೂ ಮುಗಿದುಹೋಗುತ್ತದೆ. ರೋಗಾಣು ಕೊಲ್ಲಲು ಅದರಲ್ಲಿ ಏನೂ ಉಳಿಯುವುದಿಲ್ಲ. ಕೆಂಪು ನೀರಿಗೆ ಬ್ಲೀಚಿಂಗ್ ಮದ್ದಲ್ಲ ಅಂತ ಆ ದಿನ ಕಲಿತೆ.

ಮಾವ ಬಂದು ನೋಡಿದರು. ಆ ಬಣ್ಣ ನೋಡಿ ಅವರಿಗೂ ಹೆದರಿಕೆಯಾಯಿತು. ಪಲ್ಪಿಂಗ್ ನಿಲ್ಲಿಸಿ, ಉಳಿದ ರೋಬಸ್ಟಾವನ್ನು ಕಣದಲ್ಲಿ ಚೆರ್ರಿಯಾಗಿ ಹರಡಿದರು. ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ಏಪ್ರಿಲ್ ಕೊನೆಗೆ ನೀರು ತಿಳಿಯಾಯಿತು, ಚಾ ಕೆಂಪಗಾಯಿತು. ಪ್ರಕರಣ ಮುಗಿಯಿತು ಅಂತ ನಾನು ಪೆನ್ಸಿಲ್ ಕೆಳಗಿಡುವವನಿದ್ದೆ. ಯಾಕೋ ಬರೆಯುವುದನ್ನು ಬಿಡಲಿಲ್ಲ.

ಮಳೆಗಾಲದಲ್ಲಿ ಬೇರೆಯೇ ಬಾವಿ

ಜೂನ್ ಮೂರನೇ ವಾರ ಮಳೆ ಹಿಡಿಯಿತು. ಜುಲೈಯಲ್ಲಿ ಲೈನಿನ ಮೂರು ಮಕ್ಕಳಿಗೆ ಒಂದೇ ವಾರ ವಾಂತಿ, ಭೇದಿ. ಪ್ರತಿ ಮಳೆಗಾಲವೂ ಒಂದಿಬ್ಬರಿಗೆ ಆಗುತ್ತಿತ್ತು. "ಥಂಡಿಗೆ" ಅಂತ ಹೇಳಿ ಮುಗಿಸುತ್ತಿದ್ದೆವು. ಈ ಸಲ ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಕಲಿತಿದ್ದ ಒಬ್ಬ ಹೆಣ್ಣುಮಗಳು ಒಂದು ಪುಟ್ಟ ಬಾಟಲಿ ಕೊಟ್ಟರು. ನೀರು ತುಂಬಿ ಬೆಚ್ಚಗೆ ಒಂದೆರಡು ದಿನ ಇಡಬೇಕು. ಕಪ್ಪಾದರೆ ಮಲದ ರೋಗಾಣು ಇದೆ ಅಂತ ಅನುಮಾನ ಪಡಬೇಕು. ಜುಲೈ ತಿಂಗಳ ಕೊಡಗಿನಲ್ಲಿ ಬೆಚ್ಚಗಿನ ಜಾಗ ಎಲ್ಲಿದೆ? ಸೌದೆ ಒಲೆಯ ಮೇಲಿನ ಅಟ್ಟದಲ್ಲಿ, ಒಣಗಲು ಇಟ್ಟ ಹುಳಿಯ ಪಕ್ಕ ಇಟ್ಟೆವು. ಮರುದಿನ ಸಂಜೆಗೇ ಇದ್ದಿಲ ಬಣ್ಣ.

ಲ್ಯಾಬಿನ ಎರಡನೇ ವರದಿಯಲ್ಲಿ ಕಬ್ಬಿಣ ಮಿತಿಯೊಳಗೆ. ನೈಟ್ರೇಟ್ 58. ಫೆಬ್ರವರಿಯಲ್ಲಿ ಒಂದಂಕಿ ಇದ್ದದ್ದು!

ಮಾವ ನಕ್ಕರು. "ಈಗ ನಮ್ಮ ಪಲ್ಪರ್ ಮಲಗಿದೆಯಲ್ಲ. ಈಗ ಯಾರ ಹೆಸರು ಬರೀತೀಯಾ ಪುಸ್ತಕದಲ್ಲಿ?" ಅಂದರು. ಬರೆಯಬೇಕಾದದ್ದು ನನ್ನ ಹೆಸರು.

ಪುಸ್ತಕ ಮುಂದಿಟ್ಟುಕೊಂಡು ಕೂತೆ. ಯಾರು ಅಂತ ಬಿಟ್ಟು ಯಾವಾಗ ಅಂತ ಹುಡುಕತೊಡಗಿದೆ. ಅಲ್ಲಿ ಒಂದು ವಿಚಿತ್ರ ಕಂಡಿತು. ಎರಡು ಇಂಚಿಗಿಂತ ಜಾಸ್ತಿ ಮಳೆ ಬಂದ ದಿನಗಳಲ್ಲಿ ಬಾವಿ ಕೆಲವೇ ಗಂಟೆಯಲ್ಲಿ ಕದಡುತ್ತಿತ್ತು. ಮಣ್ಣಿನಲ್ಲಿ ಸೋಸಿಕೊಂಡು ಬರುವ ನೀರು ಹಾಗೆ ಕದಡುವುದಿಲ್ಲ, ಅಷ್ಟು ಬೇಗ ಬರುವುದೂ ಇಲ್ಲ. ಎಲ್ಲೋ ನೇರ ದಾರಿ ಇದೆ ಅಂತಾಯಿತು.

ದಾರಿ ಮಾಡಿಕೊಟ್ಟವನು ನಾನೇ. ನೀರು ಬಾರದ ಆ ಬೋರ್‌ವೆಲ್‌ಗೆ ಮೂರು ವರ್ಷದ ಹಿಂದೆ ಕಣದ ಮಳೆ ನೀರನ್ನೆಲ್ಲ ತಿರುಗಿಸಿದ್ದೆ. ನೀರಿಂಗಿಸುವ ಪುಣ್ಯದ ಕೆಲಸ ಅಂತ. ಜಲ್ಲಿ, ಮರಳಿನ ಸೋಸುಗುಂಡಿ ಮಾಡಬೇಕಿತ್ತು. ಮಾಡಿರಲಿಲ್ಲ, ಒಂದು ಪೈಪು ತುರುಕಿದ್ದೆ. ಕಣದಲ್ಲಿ ಕೋಳಿ, ನಾಯಿ, ಗೊಬ್ಬರದ ಚೀಲ, ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಸಿಂಪಡಣೆಯ ಮದ್ದು) ಕಲಸಿದ ಡ್ರಮ್ಮು, ಎಲ್ಲ ಇರುತ್ತದೆ. ಅದರ ತೊಳೆನೀರು ಸೀದಾ ಬೋರ್‌ವೆಲ್‌ಗೆ. ಬಂಡೆಯಲ್ಲಿ ಜಾಗ ಸಾಲದಾಗ ನೀರು ಮೇಲೇರಿ, ಬೋರಿನ ಮೇಲ್ಭಾಗಕ್ಕೆ ಇಳಿಸಿದ ಕೇಸಿಂಗ್ ಪೈಪಿನ ಸಂದಿನಿಂದ ಮಣ್ಣಿನ ಪದರಕ್ಕೆ ನುಗ್ಗುತ್ತಿತ್ತು. ಅಲ್ಲಿಂದ ಬಾವಿಗೆ. ಬೋರ್ ನೀರು ಬೇರೆ, ಬಾವಿ ನೀರು ಬೇರೆ ಅನ್ನುವ ನನ್ನ ನಂಬಿಕೆ ಅವತ್ತಿಗೆ ಮುಗಿಯಿತು. ಪೈಪು ಕಿತ್ತು, ಬಾಯಿಗೆ ಮುಚ್ಚಳ ಹಾಕಿದ ಮೇಲೆ ಎಷ್ಟು ಮಳೆ ಬಂದರೂ ಬಾವಿ ಹಾಗೆ ಕದಡಲಿಲ್ಲ.

ಮೈಲುತುತ್ತದ ತಾಮ್ರ ಬಾವಿಗೆ ಇಳಿದಿದೆಯಾ ಅಂತ ಕೆಲವರು ಕೇಳಿದರು. ಪರೀಕ್ಷೆ ಮಾಡಿಸಿದೆವು, ಮಿತಿಯೊಳಗೇ ಇತ್ತು. ತಾಮ್ರ ಮೇಲ್ಮಣ್ಣಿಗೆ ಅಂಟಿಕೊಂಡು ಅಲ್ಲೇ ನಿಲ್ಲುವ ಜಾತಿ.

ಆದರೆ ಬಾಟಲಿ ಇನ್ನೂ ಕಪ್ಪಾಗುತ್ತಲೇ ಇತ್ತು. ಲೈನಿನ ಕಕ್ಕಸು ಗುಂಡಿಯಿಂದ ಬಾವಿಗೆ ಟೇಪ್ ಹಿಡಿದು ಅಳೆದೆ. 38 ಅಡಿ. ಕಡಿಮೆ ಅಂದರೂ 50 ಅಡಿ, ಅಂದರೆ 15 ಮೀಟರ್ ದೂರ ಬೇಕು. ಅದೂ ಗುಂಡಿ ಬಾವಿಗಿಂತ ಕೆಳಗಿರಬೇಕು. ನಮ್ಮದು ಮೇಲಿತ್ತು. ಬೇಸಿಗೆಯಲ್ಲಿ ಗುಂಡಿಯ ತಳಕ್ಕೂ ನೀರಿನ ಮಟ್ಟಕ್ಕೂ ನಡುವೆ ಸಾಕಷ್ಟು ಒಣ ಮಣ್ಣು ಇರುತ್ತದೆ. ರೋಗಾಣುಗಳು ಅಲ್ಲೇ ಸಿಕ್ಕಿಬಿದ್ದು ಸಾಯುತ್ತವೆ. ಮಳೆಗಾಲದಲ್ಲಿ ನಮ್ಮ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಆಗ ಗುಂಡಿಯ ತಳ ನೀರಿನಲ್ಲೇ ಕೂತಿರುತ್ತದೆ. ಬೇಸಿಗೆಯ ವರದಿಯಲ್ಲಿ ರೋಗಾಣು ಕಾಣದೆ ಹೋದದ್ದು ಇದಕ್ಕೆ.

ಖಾತ್ರಿ ಮಾಡಿಕೊಳ್ಳಲು ಹತ್ತು ಕೆಜಿ ಉಪ್ಪು ಕರಗಿಸಿ ಗುಂಡಿಗೆ ಹೊಯ್ದೆವು. ನೀರಿನಲ್ಲಿ ಕರಗಿದ್ದನ್ನು ತೋರಿಸುವ ಪೆನ್ನಿನಂಥ ಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಬೆಳಿಗ್ಗೆ, ಸಂಜೆ ಬಾವಿ ನೀರಿಗೆ ಅದ್ದಿ ಬರೆದುಕೊಂಡೆ. ಎರಡನೇ ದಿನ ಏನೂ ಇಲ್ಲ. ಮೂರನೇ ದಿನ ಸಂಜೆ ಅಂಕಿ ಏರಿತು, ಐದನೇ ದಿನದವರೆಗೂ ಏರುತ್ತಾ ಹೋಯಿತು. ಉಪ್ಪು ಮೂರು ದಿನಕ್ಕೆ ಬಂದರೆ ಉಳಿದದ್ದೂ ಬರುತ್ತದೆ. ಲೈನಿನವರಿಗೆ ಇದನ್ನು ಹೇಳುವಾಗ ಅಕ್ಕ ತಲೆ ಬಗ್ಗಿಸಿಕೊಂಡು ಕೂತರು. ಅದು ಅವರ ತಪ್ಪಲ್ಲ. ಗುಂಡಿ ಎಲ್ಲಿ ತೋಡಬೇಕು ಅಂತ ನಿರ್ಧರಿಸಿದ್ದು ನಮ್ಮ ಮನೆಯವರು.

ನೈಟ್ರೇಟ್ ಎಂಬ ಕಾಣದ ಕಳ್ಳ

ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇದು.

ಹಂದಿ ಗೂಡಿನ ಗೊಬ್ಬರಗುಂಡಿಗೆ ತಳವೂ ಇಲ್ಲ, ಮಾಡೂ ಇಲ್ಲ. ಮಳೆ ಸೀದಾ ಅದರೊಳಗೆ ಬೀಳುತ್ತಿತ್ತು. ಅದರ ಮೇಲೆ ಯೂರಿಯಾ. ಪುಸ್ತಕದಲ್ಲಿ ನನ್ನದೇ ಕೈಬರಹ ಇತ್ತು: ಜೂನ್ 14, ಗೊಬ್ಬರ ಹಾಕಿಸಿದ್ದು. ಜೂನ್ 17ರಿಂದ ನಾಲ್ಕು ದಿನಕ್ಕೆ ಒಂಬತ್ತು ಇಂಚು ಮಳೆ. ಮಳೆ ಹಿಡಿಯುವ ಮೊದಲು ಹಾಕಿ ಮುಗಿಸೋಣ ಅಂತ ಆಳು ಸಿಕ್ಕಿದ ದಿನ ಹಾಕಿಸಿದ್ದು. ಗಿಡಕ್ಕೆ ಸಿಕ್ಕಿದ್ದೆಷ್ಟೋ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ, ಅದನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ನೈಟ್ರೇಟ್ ಆಗುತ್ತದೆ, ಅದನ್ನು ಮಣ್ಣು ಹಿಡಿಯುವುದಿಲ್ಲ. ನೀರು ಎಲ್ಲಿಗೋ ಅದೂ ಅಲ್ಲಿಗೆ.

ಹಾಗಾದರೆ ಫೆಬ್ರವರಿಯಲ್ಲಿ ಯಾಕೆ ಇರಲಿಲ್ಲ? ಕೆಂಪು ನೀರಿನ ಕಥೆ ನೆನಪಿಸಿಕೊಳ್ಳಿ. ಆಮ್ಲಜನಕ ಮುಗಿದ ಮೇಲೆ ಜೀವಿಗಳು ಮೊದಲು ತಿಂದದ್ದು ನೈಟ್ರೇಟನ್ನೇ. ಅಂದರೆ ಮಾವನ ಗುಂಡಿಯ ಕೊಳೆ ನನ್ನ ಗೊಬ್ಬರದ ಕೊಳೆಯನ್ನು ಅಡಗಿಸಿಟ್ಟಿತ್ತು. ಬೇಸಿಗೆಯ ಒಂದೇ ವರದಿ ಹಿಡಿದುಕೊಂಡಿದ್ದರೆ ಇವತ್ತಿಗೂ ನಾನು ಬೇಲಿಯಾಚೆ ನೋಡಿಯೇ ಬೈಯುತ್ತಿದ್ದೆ.

ಆ ವರ್ಷ ಲೈನಿನಲ್ಲಿ ನಾಲ್ಕು ತಿಂಗಳ ಒಂದು ಕೂಸು ಇತ್ತು. ತಾಯಿಗೆ ಹಾಲು ಸಾಲದೆ ಡಬ್ಬಿ ಹಾಲು ಕಲಸುತ್ತಿದ್ದರು. ಮಕ್ಕಳಿಗೆ ಭೇದಿಯಾದಾಗ ನಾನೇ ಹೋಗಿ "ನೀರು ಚೆನ್ನಾಗಿ ಕುದಿಸಿ, ಜಾಸ್ತಿ ಹೊತ್ತು ಕುದಿಸಿ" ಅಂತ ಹೇಳಿ ಬಂದಿದ್ದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಸರಿ. ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ತುಟಿ, ಉಗುರು ನೀಲಿಯಾಗುತ್ತದೆ. ಕೂಸಿಗೆ ಏನೂ ಆಗಲಿಲ್ಲ. ವರದಿ ಬಂದ ಸಂಜೆಯೇ ಪಂಚಾಯಿತಿ ನಲ್ಲಿಯಿಂದ ಕ್ಯಾನಿನಲ್ಲಿ ನೀರು ತರಿಸತೊಡಗಿದೆವು. ಆ ರಾತ್ರಿ ಮಾತ್ರ ನನಗೆ ನಿದ್ದೆ ಬರಲಿಲ್ಲ.

ಏನು ಮಾಡಿದೆವು

ಮೊದಲು ಕಕ್ಕಸು. ಮಳೆ ನಿಂತ ಕೂಡಲೇ ಲೈನಿನ ಇನ್ನೊಂದು ಮಗ್ಗುಲಿಗೆ, ಬಾವಿಯಿಂದ ನೂರು ಅಡಿಗೂ ದೂರ, ನೀರು ಬೇರೆ ಕಡೆ ಇಳಿಯುವ ಜಾಗದಲ್ಲಿ ಎರಡು ಗುಂಡಿಯ ಕಕ್ಕಸು ಕಟ್ಟಿಸಿದೆವು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವುದು. ಆಳ ಬೇಡ, ಅಗಲ ಇರಲಿ ಅಂತ ಮೇಸ್ತ್ರಿಗೆ ಮೂರು ಸಲ ಹೇಳಬೇಕಾಯಿತು. ಆಳ ಮಾಡಿದರೆ ಬೇಗ ತುಂಬುವುದಿಲ್ಲ ಅನ್ನುವುದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಬೇಗ ತುಂಬದಿರಲು ಕಾರಣ ಅದು ಕೆಳಗಿನಿಂದ ಖಾಲಿಯಾಗುತ್ತಿರುವುದು! ಹಳೆಯ ಗುಂಡಿ ಬರಿದು ಮಾಡಿಸಿ, ಸುಣ್ಣ ಹಾಕಿ, ಮಣ್ಣು ತುಂಬಿದೆವು.

ಹಂದಿ ಗೂಡಿಗೆ ಸಿಮೆಂಟ್ ನೆಲ, ಗೊಬ್ಬರಗುಂಡಿಗೆ ತಳ ಮತ್ತು ತಗಡಿನ ಮಾಡು. ಯೂರಿಯಾ ಪ್ರಮಾಣವನ್ನು ಮಣ್ಣು ಪರೀಕ್ಷೆ ನೋಡಿ ಇಳಿಸಿದೆ. ಒಂದೇ ಸಲ ಸುರಿಯುವ ಬದಲು ಭಾಗ ಮಾಡಿ ಹಾಕಿಸುತ್ತೇನೆ. ಆಳು ಸಿಕ್ಕಿದರು ಅಂತ ಮೋಡ ಕಟ್ಟಿದ ದಿನ ಹಾಕಿಸುವುದಿಲ್ಲ. ಬಾವಿಯಿಂದ ಐವತ್ತು ಅಡಿ ಒಳಗೆ ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ. ಅಲ್ಲಿನ ಕೆಲವು ಗಿಡ ಸೊರಗಿವೆ. ಸೊರಗಲಿ.

ಬಾವಿಗೆ ಕಟ್ಟೆ ಎತ್ತರಿಸಿ, ಮೇಲಿನ ಹತ್ತು ಅಡಿ ಒಳಗೋಡೆಯನ್ನು ನೀರು ಜಿನುಗದ ಹಾಗೆ ಗಾರೆ ಮಾಡಿಸಿದೆವು. ಸುತ್ತ ಸಿಮೆಂಟ್ ಜಗಲಿ, ಬಟ್ಟೆ ಒಗೆದ ನೀರು ದೂರ ಹೋಗಲು ಚರಂಡಿ. ಏಪ್ರಿಲ್‌ನಲ್ಲಿ ಪೂರ್ತಿ ಖಾಲಿ ಮಾಡಿ ಕೆಸರು ತೆಗೆಸಿದೆವು. ಬ್ಲೀಚಿಂಗ್ ಪೌಡರ್ ಈಗ ಲೆಕ್ಕ ಹಾಕಿ ಹಾಕುತ್ತೇನೆ. 8 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರು ಇದ್ದರೆ ಸುಮಾರು 14,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಅಂದರೆ 35 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕಲಕಬೇಕು. ಕಡಿಮೆ ಅಂದರೆ ಒಂದು ಗಂಟೆ ಬಿಡಬೇಕು. ನಾವು ರಾತ್ರಿ ಹಾಕಿ ಬೆಳಿಗ್ಗೆ ಸೇದುತ್ತೇವೆ. ಮೊದಲು ನಾನು ಸುರಿದ ಪ್ಯಾಕೆಟ್ ಒಂದು ಕೆಜಿಯದ್ದು ಅಂತ ಹೇಳಲು ಈಗ ನಾಚಿಕೆಯಾಗುತ್ತದೆ.

ಮಾವನದ್ದು ದೊಡ್ಡ ಖರ್ಚಿನ ಕೆಲಸ. ನನ್ನ ತಪ್ಪು ನಾನು ಒಪ್ಪಿಕೊಂಡ ಮೇಲೆ ಅವರ ಬಿಗುವೂ ಸಡಿಲವಾಯಿತು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಇಬ್ಬರೂ ಒಂದೇ ಜೀಪಿನಲ್ಲಿ ಹೋಗಿ ಕೇಳಿಕೊಂಡು ಬಂದೆವು. ಆಳದ ಗುಂಡಿ ಮುಚ್ಚಿ, ತಗ್ಗಾದ, ತಳಕ್ಕೆ ದಪ್ಪ ಹಾಳೆ ಹಾಸಿದ ತೊಟ್ಟಿಗಳನ್ನು ಸಾಲಾಗಿ ಮಾಡಿಸಿದರು. ಮೊದಲನೆಯದರಲ್ಲಿ ಸುಣ್ಣ ಹಾಕಿ ಹುಳಿ ಮುರಿಯುವುದು, ಆಮೇಲೆ ಕೊಳೆಯಲು ಬಿಡುವುದು, ಕೊನೆಗೆ ಗಾಳಿಯಾಡಿಸುವುದು. ಪಲ್ಪರಿಗೆ ಹೋಗುವ ನೀರನ್ನು ಒಂದು ಸಲಕ್ಕೆ ಬಿಸಾಡದೆ ತಿರುಗಿಸಿ ಬಳಸುತ್ತಾರೆ. ಸಿಪ್ಪೆಯನ್ನು ನೀರಿನ ಜೊತೆ ಬಿಡದೆ ಬೇರೆ ಎಳೆದು ಗೊಬ್ಬರ ಮಾಡುತ್ತಾರೆ. ರೋಬಸ್ಟಾದ ಅರ್ಧ ಈಗ ಮತ್ತೆ ಚೆರ್ರಿ. "ಪಾರ್ಚ್‌ಮೆಂಟಿನ ಲಾಭ ಎಲ್ಲಾ ಈ ತೊಟ್ಟಿಗೇ ಸರಿಹೋಯ್ತು" ಅಂತ ಮಾವ ಈಗಲೂ ಗೊಣಗುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಸಣ್ಣ ಬೆಳೆಗಾರರಿಗೆ ಇದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ನಾಲ್ಕು ತೋಟಕ್ಕೆ ಒಂದು ಪಲ್ಪಿಂಗ್ ಜಾಗ ಮಾಡಿಕೊಳ್ಳುವುದೇ ದಾರಿ ಅಂತ ನನ್ನ ಅಭಿಪ್ರಾಯ. ಆ ಮಾತು ಊರಿನಲ್ಲಿ ಎತ್ತಿದ್ದೇನೆ, ಇನ್ನೂ ಯಾರೂ ಹೂಂ ಅಂದಿಲ್ಲ.

ಈಗ ಹೇಗಿದೆ

ಕದಡುವುದು ಪೈಪು ಕಿತ್ತ ದಿನವೇ ನಿಂತಿತ್ತು. ಬಾಟಲಿ ಕಪ್ಪಾಗುವುದು ಮುಂದಿನ ಮಳೆಗಾಲಕ್ಕೆ ಕಡಿಮೆಯಾಯಿತು, ಎರಡು ಸಲ ಮಾತ್ರ ಆಯಿತು. ಹಳೆಯ ಗುಂಡಿಯ ಸುತ್ತಲಿನ ಮಣ್ಣು ಇನ್ನೂ ತೊಳೆದುಕೊಳ್ಳುತ್ತಿರಬೇಕು. ಕೆಂಪು ಎರಡನೇ ವರ್ಷವೂ ಬಂತು, ಹೊಸ ತೊಟ್ಟಿ ಆದ ಮೇಲೂ. ಮಾವ ಅದನ್ನು ಕೇಳಿ ಕೋಪ ಮಾಡಿಕೊಂಡರು. ನೆಲದೊಳಗೆ ಸೇರಿದ ಲೋಳೆ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ನೆಲದಡಿ ನೀರು ನಡೆಯುವುದೇ ಅಷ್ಟು ನಿಧಾನ. ಮೂರನೇ ವರ್ಷ ಬಟ್ಟೆಗೆ ಕಲೆ ಆಗಲಿಲ್ಲ. ಸೀಬೆ ಎಲೆ ಹಾಕಿದರೆ ತುಸು ಮಂಕಾಗುತ್ತದೆ, ಅಷ್ಟೇ. ತೋಡಿನಲ್ಲಿ ಏಡಿ ಬಂದಿವೆ ಅಂತ ಮಕ್ಕಳ ವರದಿ.

ನೈಟ್ರೇಟ್ ಹಟಮಾರಿ. ಹೋದ ಜುಲೈಯಲ್ಲಿ 47. ಮಿತಿಗೆ ಹತ್ತಿರ ಬಂದಿದೆ, ಒಳಗೆ ಬಂದಿಲ್ಲ. ಲೈನಿನಲ್ಲಿ ಈಗ ಇನ್ನೊಂದು ಕೂಸು ಇದೆ. ಅದಕ್ಕೆ ನಲ್ಲಿ ನೀರೇ. ಅಕ್ಕ ಈಗ ನನ್ನನ್ನು ಕಾಯುವುದಿಲ್ಲ, ಮಳೆ ಹಿಡಿದ ಕೂಡಲೇ ಬಾಟಲಿಯನ್ನು ತಾವೇ ತುಂಬಿ ತರುತ್ತಾರೆ.

ಇವತ್ತು ಬೆಳಿಗ್ಗೆ ಬರೆದದ್ದು: ಮಳೆ 1 ಇಂಚು 40 ಸೆಂಟ್. ಬಾವಿ 11 ಅಡಿ, ತಿಳಿ, ವಾಸನೆ ಇಲ್ಲ. ಬಾಟಲಿ ಅಟ್ಟದ ಮೇಲೆ.